ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆಯೇ? ಕಚ್ಚಾ ಬೆಟ್ಟದ ರಸ್ತೆಯ ಬಗ್ಗೆ ಇರುವ ನಂಬಿಕೆಗಳು ಎಷ್ಟು ನಿಜ?

ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಸರಕು ತುಂಬಿಕೊಂಡ ಲಾರಿ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾ ಕಡೆ ಹೊರಟರೆ ನಡುವೆ ಅರಬೈಲ್ ಘಾಟಿ ಇಳಿಯಲೇಬೇಕು. ಇದೇ ಊರಿನ ಹುಡುಗರು ಮಳೆಗಾಲ ಮುಗಿಯುತ್ತಿದ್ದಂತೆ ಬೈಕ್ ಅಥವಾ ಕಾರು ತೆಗೆದುಕೊಂಡು ಕೊಡಚಾದ್ರಿಗೋ ಕೊಡಗಿನ ಮಾಂದಲಪಟ್ಟಿಗೋ ಹೊರಡುತ್ತಾರೆ. ಮೊದಲನೆಯದು ಡಾಂಬರು ಹಾಕಿದ ರಾಷ್ಟ್ರೀಯ ಹೆದ್ದಾರಿ 52 (ಹಳೆಯ ಸಂಖ್ಯೆ 63). ಎರಡನೆಯದು ಕೆಂಪು ಮಣ್ಣು, ಉರುಳುಗಲ್ಲು, ಕೊರಕಲುಗಳ ಜೀಪು ದಾರಿ. ಎರಡೂ ಕಡೆ ಚಾಲಕರಿಗೆ ಸಿಗುವ ಉಪದೇಶ ಮಾತ್ರ ಹೆಚ್ಚುಕಡಿಮೆ ಒಂದೇ: "ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕು, ಎಣ್ಣೆ ಉಳಿಯುತ್ತದೆ", "ಫೋರ್ ಬೈ ಫೋರ್ ಇದ್ದರೆ ಹೆದರಬೇಕಿಲ್ಲ", "ಡ್ರಮ್ ಕಾದರೆ ನೀರು ಹೊಡಿ", "ಖಡಿ ರಸ್ತೆಯಲ್ಲಿ ಜೋರಾಗಿ ಹೋದರೆ ಕುಲುಕುವುದಿಲ್ಲ".

ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು. ಒಂದೊಂದನ್ನೂ ಭೌತಶಾಸ್ತ್ರದ ಲೆಕ್ಕವಿಟ್ಟು ಪರಿಶೀಲಿಸೋಣ.

ಸಾರಾಂಶ

ಕಡಿದಾದ ಇಳಿಜಾರಿನಲ್ಲಿ ಈಗಿನ ವಾಹನಗಳನ್ನು ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್‌ಗೆ ಇಂಧನವೇ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಹೋಗುತ್ತದೆ. ಅಂದರೆ ನ್ಯೂಟ್ರಲ್ ಹಾಕಿದರೆ ಉಳಿತಾಯವಿಲ್ಲ, ಬ್ರೇಕ್ ಕಾಯುವ ಅಪಾಯ ಮಾತ್ರ ಇದೆ. ಫೋರ್ ಬೈ ಫೋರ್ ಹತ್ತಲು ಸಹಾಯ ಮಾಡುತ್ತದೆ, ಬ್ರೇಕ್ ಹಾಕಿ ನಿಲ್ಲಿಸುವ ದೂರವನ್ನು ಕಡಿಮೆ ಮಾಡುವುದಿಲ್ಲ. ಸಡಿಲ ಖಡಿಯ ಇಳಿಜಾರಿನಲ್ಲಿ ನಿಲ್ಲಲು ಬೇಕಾದ ದೂರ ಒಣ ಡಾಂಬರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಬಹುದು. ಕಾದ ಬ್ರೇಕಿಗೆ ನೀರು ಹಾಕಬಾರದು.

ಕಚ್ಚಾ ಬೆಟ್ಟದ ರಸ್ತೆ ಎಂದರೆ ಯಾವುದು?

ಜಗತ್ತಿನಲ್ಲಿ ಈ ಬಗೆಯ ರಸ್ತೆಗಳಿಗೆ ಹೆಸರಾದದ್ದು ಯುರೋಪಿನ ಆಲ್ಪ್ಸ್ ಪರ್ವತ. ಇಟಲಿಯ ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಎಂಬ ಕಣಿವೆದಾರಿ 2,170 ಮೀಟರ್‌ಗೂ ಎತ್ತರದಲ್ಲಿದೆ. ಒಂದು ಕಾಲದಲ್ಲಿ ಸೇನೆಗಾಗಿ ಕಡಿದ ಈ ದಾರಿಯ ಸೂಸಾ ಕಣಿವೆ ಕಡೆಯ ಕೊನೆಯ ಸುಮಾರು 8 ಕಿ.ಮೀ. ಇಂದಿಗೂ ಖಡಿಯದು. 2005ರಿಂದ ಜಿರೋ ದಿಟಾಲಿಯಾ ಸೈಕಲ್ ಸ್ಪರ್ಧೆ ಹಲವು ಬಾರಿ ಈ ದಾರಿ ಹತ್ತಿದೆ. 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಕಣಿವೆದಾರಿಗೆ ಡಾಂಬರು ಬಿದ್ದಿದೆಯಾದರೂ ಒಂದೇ ಬದಿಯಲ್ಲಿ 48 ಹೇರ್‌ಪಿನ್ ತಿರುವುಗಳಿವೆ.

ನಮ್ಮ ಪಶ್ಚಿಮಘಟ್ಟ ಅಷ್ಟು ಎತ್ತರವಲ್ಲ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ಕೊಡಚಾದ್ರಿ 1,343 ಮೀಟರ್. ಮಾಂದಲಪಟ್ಟಿ ಸುಮಾರು 1,600 ಮೀಟರ್. ಆದರೆ ದಾರಿಯ ಕಷ್ಟ ಬರೀ ಎತ್ತರದಿಂದ ತೀರ್ಮಾನವಾಗುವುದಿಲ್ಲ. ಇಳಿಜಾರು ಎಷ್ಟು ಕಡಿದು, ನೆಲ ಎಷ್ಟು ಸಡಿಲ, ತಿರುವು ಎಷ್ಟು ಇಕ್ಕಟ್ಟು ಎಂಬುದು ಮುಖ್ಯ. ಈ ಮೂರರಲ್ಲೂ ಕೊಡಚಾದ್ರಿಯ ಜೀಪು ದಾರಿ ಆಲ್ಪ್ಸ್‌ನ ಹಲವು ಖಡಿ ರಸ್ತೆಗಳಿಗಿಂತ ಒರಟು. ಅಲ್ಲಿ ಹಿಮ, ಇಲ್ಲಿ ಮಳೆ. ಒಣಗಿದಾಗ ಧೂಳಾಗುವ ನಮ್ಮ ಕೆಂಪು ಮಣ್ಣು ನೆನೆದರೆ ಸಾಬೂನಿನಂತೆ ಜಾರುತ್ತದೆ. ಕೊಲ್ಲೂರು, ನಿಟ್ಟೂರು ಕಡೆಯಿಂದ ಬಾಡಿಗೆ ಜೀಪುಗಳೇ ಜನರನ್ನು ಮೇಲೆ ಕರೆದೊಯ್ಯುವುದಕ್ಕೆ ಕಾರಣ ಇದೆ.

ಇಳಿಯುವುದು ಹತ್ತುವುದಕ್ಕಿಂತ ಏಕೆ ಅಪಾಯ?

ಹತ್ತುವಾಗ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ಬ್ರೇಕ್ ಸೋತರೆ ಗಾಡಿ ನಿಲ್ಲುವುದಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಇದರ ಹಿಂದೆ ಒಂದು ದೊಡ್ಡ ಲೆಕ್ಕವಿದೆ.

ಎತ್ತರದಲ್ಲಿರುವ ಪ್ರತಿಯೊಂದು ವಸ್ತುವಿನಲ್ಲೂ ಶಕ್ತಿ ಅಡಗಿರುತ್ತದೆ. ಕೆಳಗೆ ಬರುವಾಗ ಅದು ಬೇರೆ ರೂಪಕ್ಕೆ ಬದಲಾಗಲೇಬೇಕು. ವೇಗ ಹೆಚ್ಚಬಾರದು ಎಂದಾದರೆ ಅದು ಹೆಚ್ಚಾಗಿ ಶಾಖವಾಗಿ ಹೊರಬರಬೇಕು. ಜನ ತುಂಬಿದ 2 ಟನ್ ತೂಕದ ಜೀಪು 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎಂದುಕೊಳ್ಳೋಣ. ಬಿಡುಗಡೆಯಾಗುವ ಶಕ್ತಿ ಸುಮಾರು 98 ಲಕ್ಷ ಜೂಲ್. ಇಷ್ಟರಲ್ಲಿ 25 ಡಿಗ್ರಿಯಲ್ಲಿರುವ ಸುಮಾರು 31 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅದೇ ಇಳಿಕೆಯನ್ನು 25 ಟನ್ ತೂಕದ ಲಾರಿ ಇಳಿದರೆ ಸುಮಾರು 390 ಲೀಟರ್, ಅಂದರೆ ಎರಡು ಬ್ಯಾರೆಲ್ ನೀರು ಕಾಯುತ್ತದೆ.

ಈ ಶಾಖ ಹೋಗಲು ಮುಖ್ಯವಾಗಿ ಎರಡು ದಾರಿ: ಬ್ರೇಕ್ ಮತ್ತು ಎಂಜಿನ್. ಗಾಳಿಯ ಮತ್ತು ನೆಲದ ತಡೆ ನಿಧಾನ ವೇಗದಲ್ಲಿ ತೆಗೆದುಕೊಳ್ಳುವ ಪಾಲು ಚಿಕ್ಕದು. ನ್ಯೂಟ್ರಲ್ ಹಾಕಿದ ಕೂಡಲೇ ಎಂಜಿನ್ನಿನ ದಾರಿ ಮುಚ್ಚಿಹೋಗುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹತ್ತು ಮೀಟರ್‌ಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗ ಕಾಯ್ದುಕೊಂಡು ಬರುವ 2 ಟನ್ ಜೀಪಿನ ಬ್ರೇಕುಗಳು ಸುಮಾರು 16 ಕಿಲೋವಾಟ್ ಶಾಖ ಹೊರಹಾಕಬೇಕು. ಒಂದು ಕಿಲೋವಾಟಿನ 16 ಇಸ್ತ್ರಿಪೆಟ್ಟಿಗೆಗಳನ್ನು ನಾಲ್ಕು ಗಾಲಿಗಳಿಗೆ ಹಂಚಿ ಕಟ್ಟಿ, ಒಂದೂ ಆರಿಸದೆ ಅರ್ಧ ಗಂಟೆ ಇಟ್ಟ ಹಾಗೆ. ವೇಗ 60ಕ್ಕೆ ಏರಿದರೆ ಆ ಸಂಖ್ಯೆ 32 ಆಗುತ್ತದೆ.

ಬ್ರೇಕ್ "ಹಿಡಿಯಲಿಲ್ಲ" ಎಂದರೆ ಒಳಗೆ ಏನಾಗುತ್ತದೆ?

ಅಪಘಾತದ ಸುದ್ದಿಗಳಲ್ಲಿ "ಬ್ರೇಕ್ ಫೇಲ್" ಎಂಬ ಎರಡು ಪದ ಬರುತ್ತದೆ. ವಯರ್ ತುಂಡಾದ ಹಾಗೆ ಏನೋ ಒಮ್ಮೆಲೇ ಮುರಿಯಿತು ಎಂದು ನಾವು ಊಹಿಸಿಕೊಳ್ಳುತ್ತೇವೆ. ಘಾಟಿಯಲ್ಲಿ ಬಹಳ ಸಲ ಏನೂ ಮುರಿದಿರುವುದಿಲ್ಲ. ಬ್ರೇಕ್ ಕಾದಿರುತ್ತದೆ, ಅಷ್ಟೇ.

ಇದು ಮೂರು ಬಗೆಯಲ್ಲಿ ಆಗುತ್ತದೆ. ಮೊದಲನೆಯದು, ಬ್ರೇಕ್ ಪ್ಯಾಡ್ ಮತ್ತು ಲೈನರ್‌ಗಳಲ್ಲಿ ಪುಡಿಗಳನ್ನು ಹಿಡಿದಿಡುವ ರಾಳದಂಥ ವಸ್ತು ಇರುತ್ತದೆ. ಮಿತಿ ಮೀರಿ ಕಾದಾಗ ಅದರಿಂದ ಅನಿಲ ಹೊರಟು, ಉಜ್ಜುವ ಗುಣವೇ ಇಳಿಯುತ್ತದೆ. ಸುಟ್ಟ ವಾಸನೆ ಬರುವುದು ಇದರಿಂದಲೇ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಧಾನವಾಗುವುದಿಲ್ಲ.

ಎರಡನೆಯದು, ಕಾರು-ಜೀಪುಗಳ ಬ್ರೇಕ್ ಆಯಿಲ್ ಕುದಿಯುವುದು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ದ್ರವ ಕುದ್ದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ತುಂಬುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹೀಗಾಗಿ ಪೆಡಲ್ ನೆಲಕ್ಕೆ ತಾಗಿದರೂ ಗಾಲಿಗೆ ಒತ್ತಡ ಮುಟ್ಟುವುದಿಲ್ಲ. ಮಳೆಗಾಲ ಕಳೆದ, ನಾಲ್ಕೈದು ವರ್ಷ ಬ್ರೇಕ್ ಆಯಿಲ್ ಬದಲಿಸದ ಕಾರು ಘಾಟಿಗೆ ಸಿದ್ಧವಲ್ಲ ಎನ್ನುವುದು ಇದಕ್ಕೇ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ.

ಮೂರನೆಯದು ಲಾರಿಗಳ ಏರ್ ಬ್ರೇಕ್. ಡ್ರಮ್ ಕಾದಾಗ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ. ಒಳಗಿನ ತಳ್ಳುಗೋಲು ಎಷ್ಟು ಚಾಚಿದರೂ ಲೈನರ್ ಸರಿಯಾಗಿ ತಾಗುವುದಿಲ್ಲ. ಗಾಬರಿಯಲ್ಲಿ ಚಾಲಕ ಮತ್ತೆ ಮತ್ತೆ ಪೆಡಲ್ ತುಳಿದರೆ ಟ್ಯಾಂಕಿನ ಗಾಳಿಯೂ ಖರ್ಚಾಗುತ್ತದೆ.

ಮೂರೂ ಬಗೆಯಲ್ಲಿ ಒಂದು ಸಮಾನ ಅಂಶವಿದೆ. ಬ್ರೇಕ್ ಕೈಕೊಡುವುದು ಇಳಿಜಾರಿನ ಕೊನೆಯಲ್ಲಿ. ಕಾರಣ ಮಾತ್ರ ಇಳಿಜಾರಿನ ಮೊದಲಲ್ಲಿ ಹಾಕಿದ ಗೇರ್.

ಹಾಗಾದರೆ ನ್ಯೂಟ್ರಲ್‌ನಲ್ಲಿ ಇಂಧನ ಉಳಿಯುವುದು ಸುಳ್ಳೇ?

ಕಡಿದಾದ ಇಳಿಜಾರಿನ ಮಟ್ಟಿಗೆ ಸುಳ್ಳು. ಈ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ಏಕೆ ಸುಳ್ಳು ಎಂಬುದೂ ಗೊತ್ತಾಗುತ್ತದೆ.

ಹಳೆಯ ಕಾರ್ಬುರೇಟರ್ ಪೆಟ್ರೋಲ್ ಗಾಡಿಗಳಲ್ಲಿ ಎಂಜಿನ್ ತಿರುಗುತ್ತಿರುವವರೆಗೂ ಅದು ಒಂದಿಷ್ಟು ಪೆಟ್ರೋಲ್ ಎಳೆದುಕೊಳ್ಳುತ್ತಿತ್ತು. ಗೇರಿನಲ್ಲಿ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ನ್ಯೂಟ್ರಲ್‌ನಲ್ಲಿ ನಿಧಾನ. ಆ ಕಾಲಕ್ಕೆ ಈ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಕಂಪ್ಯೂಟರ್ ಇದೆ. ಗಾಡಿ ಗೇರಿನಲ್ಲಿದ್ದು, ಆಕ್ಸಿಲರೇಟರ್ ಬಿಟ್ಟಿದ್ದು, ಎಂಜಿನ್ ಒಂದು ಮಟ್ಟಕ್ಕಿಂತ ಜೋರಾಗಿ ತಿರುಗುತ್ತಿದ್ದರೆ ಅದು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಎಂಜಿನ್ನನ್ನು ತಿರುಗಿಸುವುದು ಆಗ ಗಾಲಿಗಳೇ. ನ್ಯೂಟ್ರಲ್ ಹಾಕಿದರೆ ಗಾಲಿಯ ಸಂಬಂಧ ಕಡಿದುಹೋಗುವುದರಿಂದ ಎಂಜಿನ್ ಆರಿಹೋಗದಂತೆ ಇಂಧನ ಸುರಿಯಲೇಬೇಕು. ಕಾರುಗಳಲ್ಲಿ ಇದು ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್.

ಡೀಸೆಲ್ ಲಾರಿಗಳ ಮಟ್ಟಿಗೆ ಈ ನಂಬಿಕೆಗೆ ಹಿಂದೆಯೂ ಆಧಾರ ಕಡಿಮೆ. ಹಳೆಯ ಯಾಂತ್ರಿಕ ಡೀಸೆಲ್ ಪಂಪಿನ ಗವರ್ನರ್ ಕೂಡ, ಪೆಡಲ್ ಬಿಟ್ಟು ಎಂಜಿನ್ ಜೋರಾಗಿ ತಿರುಗುತ್ತಿದ್ದಾಗ ಡೀಸೆಲ್ ಕಡಿತ ಮಾಡುತ್ತಿತ್ತು.

ಒಂದು ವಿನಾಯಿತಿ ಹೇಳಬೇಕು. ಬಯಲುಸೀಮೆಯ ತೀರಾ ಸಣ್ಣ ಇಳಿಜಾರಿನಲ್ಲಿ ಗೇರಿನಲ್ಲಿಟ್ಟರೆ ಗಾಡಿ ನಿಧಾನವಾಗಿ, ಆಕ್ಸಿಲರೇಟರ್ ಕೊಡಬೇಕಾಗಿ ಬರಬಹುದು. ಅಂಥ ಕಡೆ ನ್ಯೂಟ್ರಲ್‌ನಲ್ಲಿ ಹನಿಯಷ್ಟು ಉಳಿದೀತು. ಆದರೆ ಘಾಟಿ ಅಂಥ ಜಾಗವಲ್ಲ. ಅಲ್ಲಿ ನಮಗೆ ಬೇಕಾದದ್ದೇ ಗಾಡಿಯನ್ನು ಹಿಡಿದೆಳೆಯುವ ಶಕ್ತಿ.

ಎಂಜಿನ್ ಆಫ್ ಮಾಡಿ ಇಳಿಯುವುದು ಇನ್ನೂ ಅಪಾಯ. ಬ್ರೇಕ್ ಪೆಡಲಿಗೆ ನೆರವು ನೀಡುವ ಬೂಸ್ಟರ್ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಖಾಲಿಯಾಗುತ್ತದೆ, ಪವರ್ ಸ್ಟೀರಿಂಗ್ ಭಾರವಾಗುತ್ತದೆ, ಕೀಲಿ ತೆಗೆದರೆ ಸ್ಟೀರಿಂಗ್ ಲಾಕ್ ಆಗಬಹುದು.

ಯಾವ ಗೇರ್ ಸರಿ?

ಹಳೆಯ ಚಾಲಕರ ಮಾತೊಂದು ಇಲ್ಲಿ ಸರಿಯಾಗಿದೆ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಚಿಕ್ಕ ಗೇರಿನಲ್ಲಿ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಆದ್ದರಿಂದ ಎಂಜಿನ್ನಿನ ತಡೆ ಗಾಲಿಯ ಮೇಲೆ ಹೆಚ್ಚು ಪಟ್ಟಾಗಿ ಕೆಲಸ ಮಾಡುತ್ತದೆ. ಎಂಜಿನ್ ಜೋರಾಗಿ ಕೂಗುವುದು ಕೇಳಿ ಹೆದರಬೇಕಿಲ್ಲ. ಮೀಟರಿನ ಕೆಂಪು ಗೆರೆ ದಾಟದಿದ್ದರೆ ಸಾಕು.

ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಸಾಮಾನ್ಯವಾಗಿ ಕೆಲಸಕ್ಕೆ ಬಾರದ ಕಾರಣ ಅದರ ಸಹಜ ತಡೆ ಕಡಿಮೆ. ಇದಕ್ಕಾಗಿಯೇ ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಕೊಟ್ಟಿರುತ್ತಾರೆ. ಹೊಗೆ ಹೋಗುವ ದಾರಿಯನ್ನು ಅರೆಬರೆ ಮುಚ್ಚಿ ಎಂಜಿನ್ನನ್ನೇ ಬ್ರೇಕಾಗಿಸುವ ವ್ಯವಸ್ಥೆ ಇದು. ನ್ಯೂಟ್ರಲ್‌ನಲ್ಲಿ ಇದೂ ಉಪಯೋಗಕ್ಕೆ ಬರುವುದಿಲ್ಲ.

ಗೇರ್ ಬದಲಿಸುವ ಜಾಗ ಇಳಿಜಾರಿನ ಮೇಲ್ತುದಿ. ವೇಗ ಹಿಡಿದ ಮೇಲೆ ತುಂಬಿದ ಲಾರಿಯನ್ನು ಚಿಕ್ಕ ಗೇರಿಗೆ ಇಳಿಸಲು ಹೋದರೆ, ಗೇರ್ ಕೂರದೆ ನ್ಯೂಟ್ರಲ್‌ನಲ್ಲೇ ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ಆಟೊಮ್ಯಾಟಿಕ್ ಕಾರಿನಲ್ಲಿ ಡಿ ಬಿಟ್ಟು ಎಲ್, 2 ಅಥವಾ ಮ್ಯಾನ್ಯುಯಲ್ ಆಯ್ಕೆ ಬಳಸಬೇಕು. ಎಲೆಕ್ಟ್ರಿಕ್ ಕಾರಿನ ಮೋಟರ್ ಇಳಿಯುವಾಗ ಬ್ಯಾಟರಿ ತುಂಬುತ್ತಾ ಗಾಡಿಯನ್ನು ತಡೆಯುತ್ತದೆ. ಆದರೆ ಬೆಟ್ಟದ ಮೇಲೆಯೇ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಆ ಶಕ್ತಿಗೆ ಜಾಗವಿಲ್ಲದೆ ಈ ತಡೆ ಕುಗ್ಗುತ್ತದೆ.

ಫೋರ್ ಬೈ ಫೋರ್, ಎಬಿಎಸ್ ಇದ್ದರೆ ಖಡಿಯಲ್ಲಿ ಬೇಗ ನಿಲ್ಲುತ್ತದೆಯೇ?

ಇಲ್ಲ. ಎಲ್ಲ ಕಾರಿಗೂ ನಾಲ್ಕು ಗಾಲಿಗೂ ಬ್ರೇಕ್ ಇದ್ದೇ ಇದೆ. ಫೋರ್ ಬೈ ಫೋರ್ ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಗಾಲಿಗೆ ಹಂಚುತ್ತದೆ. ಹತ್ತುವಾಗ, ಕೆಸರಿನಿಂದ ಹೊರಬರುವಾಗ ಇದು ದೊಡ್ಡ ನೆರವು. ಲೋ ಗೇರಿನಲ್ಲಿ ಇಳಿಯುವಾಗ ಎಂಜಿನ್ನಿನ ತಡೆಯೂ ನಾಲ್ಕು ಗಾಲಿಗೆ ಹಂಚಿಕೆಯಾಗುತ್ತದೆ, ಇದೂ ಒಳ್ಳೆಯದೇ. ಆದರೆ ಬ್ರೇಕ್ ತುಳಿದಾಗ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಟೈರು ಮತ್ತು ನೆಲದ ನಡುವಿನ ಹಿಡಿತ. ನೆಲ ಸಡಿಲವಾಗಿದ್ದರೆ ಎಂಥ ಗಾಡಿಯೂ ಜಾರುತ್ತದೆ.

ಲೆಕ್ಕ ಹೀಗಿದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಣ ಡಾಂಬರಿನ ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 9 ಮೀಟರ್ ಬೇಕು. ಸಡಿಲ ಖಡಿಯಲ್ಲಿ ಸುಮಾರು 16 ಮೀಟರ್. ಅದೇ ಖಡಿ ಹತ್ತಕ್ಕೆ ಒಂದರಂತೆ ಇಳಿಜಾರಾಗಿದ್ದರೆ ಸುಮಾರು 21 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ 11 ಮೀಟರ್ ಕಳೆದಿರುತ್ತದೆ. ಒಟ್ಟು 32 ಮೀಟರ್. ಕೊಡಚಾದ್ರಿ ದಾರಿಯಲ್ಲಿ ತಿರುವಿನಿಂದ ಆಚೆ ಅಷ್ಟು ದೂರ ಕಾಣುವುದೇ ಅಪರೂಪ. ವೇಗವನ್ನು 20ಕ್ಕೆ ಇಳಿಸಿದರೆ ಒಟ್ಟು ದೂರ ಸುಮಾರು 11 ಮೀಟರ್‌ಗೆ ಬರುತ್ತದೆ. ಕಚ್ಚಾ ರಸ್ತೆಯಲ್ಲಿ ಅತ್ಯುತ್ತಮ ಸುರಕ್ಷತಾ ಸಾಧನ ನಿಧಾನ ಎನ್ನುವುದು ಬರೀ ಬುದ್ಧಿಮಾತಲ್ಲ, ವೇಗ ಅರ್ಧವಾದರೆ ಬ್ರೇಕ್ ದೂರ ಕಾಲು ಭಾಗವಾಗುತ್ತದೆ ಎಂಬ ಗಣಿತ.

ಎಬಿಎಸ್ ವಿಷಯದಲ್ಲಿ ಒಂದು ಅಚ್ಚರಿಯಿದೆ. ಸಡಿಲ ಖಡಿಯಲ್ಲಿ ಲಾಕ್ ಆದ ಗಾಲಿ ತನ್ನ ಮುಂದೆ ಖಡಿಯ ಸಣ್ಣ ಗುಡ್ಡೆ ಒಟ್ಟಿಕೊಳ್ಳುತ್ತದೆ. ಆ ಗುಡ್ಡೆಯೇ ಗಾಡಿಯನ್ನು ತಡೆಯುತ್ತದೆ. ಎಬಿಎಸ್ ಗಾಲಿಯನ್ನು ಲಾಕ್ ಆಗಲು ಬಿಡದೆ ಇರುವುದರಿಂದ ಅಂಥ ಕಡೆ ನಿಲ್ಲುವ ದೂರ ಇನ್ನಷ್ಟು ಹೆಚ್ಚಬಹುದು. ಹಾಗೆಂದು ಎಬಿಎಸ್ ಕೆಟ್ಟದ್ದಲ್ಲ. ಲಾಕ್ ಆದ ಮುಂಗಾಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಪಕ್ಕದಲ್ಲಿ ಪ್ರಪಾತವಿರುವಾಗ ಗಾಡಿ ತಿರುಗುವುದು ನಿಲ್ಲುವಷ್ಟೇ ಮುಖ್ಯ.

ತಿರುವಿಗೂ ಇದೇ ಹಿಡಿತ ಬೇಕು. 10 ಮೀಟರ್ ತ್ರಿಜ್ಯದ ಹೇರ್‌ಪಿನ್‌ನಲ್ಲಿ ಒಣ ಡಾಂಬರು ಗಂಟೆಗೆ ಸುಮಾರು 30 ಕಿ.ಮೀ.ವರೆಗೆ ಹಿಡಿದುಕೊಂಡರೆ ಸಡಿಲ ಖಡಿ ಸುಮಾರು 22ರ ಹೊತ್ತಿಗೇ ಜಾರತೊಡಗುತ್ತದೆ. ತಿರುವಿನಲ್ಲಿದ್ದಾಗಲೇ ಬ್ರೇಕ್ ಹಾಕಿದರೆ ಇರುವ ಹಿಡಿತವನ್ನು ಎರಡು ಕೆಲಸಕ್ಕೆ ಹಂಚಿದಂತಾಗುತ್ತದೆ. ಬ್ರೇಕ್ ತಿರುವಿಗೆ ಮುಂಚೆ, ತಿರುವಿನಲ್ಲಿ ಸ್ಟೀರಿಂಗ್ ಮಾತ್ರ. ಬೈಕ್ ಸವಾರರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಖಡಿ ರಸ್ತೆಯಲ್ಲಿ ಜೋರಾಗಿ ಹೋದರೆ ಕುಲುಕುವುದಿಲ್ಲವೇ?

ಮಣ್ಣು ರಸ್ತೆಯಲ್ಲಿ ತಗಡಿನ ಶೀಟಿನಂತೆ ಅಡ್ಡಡ್ಡ ಏರಿಳಿತ ಮೂಡಿರುವುದನ್ನು ನೀವು ನೋಡಿರಬಹುದು. ಇದು ಕೆಟ್ಟ ಕಾಮಗಾರಿಯ ಗುರುತು ಎಂದೇ ಜನ ಹೇಳುತ್ತಾರೆ. 2007ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿಜ್ಞಾನಿಗಳು ಸಮತಟ್ಟಾದ ಮರಳಿನ ಮೇಲೆ ಗಾಲಿ ಉರುಳಿಸಿ ನೋಡಿದರು. ಒಂದು ಮಿತಿಗಿಂತ ವೇಗವಾಗಿ ಉರುಳಿದಾಗ ಏರಿಳಿತ ತಾನಾಗಿಯೇ ಮೂಡಿತು, ನಿಧಾನವಾಗಿ ಉರುಳಿದಾಗ ಮರಳು ಸಮತಟ್ಟಾಗಿಯೇ ಉಳಿಯಿತು. ಅಂದರೆ ಆ ಗೆರೆಗಳನ್ನು ಬರೆಯುವುದು ನಮ್ಮ ವೇಗವೇ.

ಜೋರಾಗಿ ಹೋದರೆ ಕುಲುಕಾಟ ಕಡಿಮೆ ಅನ್ನಿಸುವುದು ನಿಜ. ಗಾಲಿ ಒಂದು ಏರಿನ ತುದಿಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಆದರೆ ಗಾಳಿಯಲ್ಲಿರುವ ಗಾಲಿಗೆ ನೆಲದ ಹಿಡಿತ ಇಲ್ಲ. ಆ ಹೊತ್ತಿನಲ್ಲಿ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಮರುಭೂಮಿಯ ನೇರ ರಸ್ತೆಯಲ್ಲಿ ಯಾರೋ ಮಾಡುವ ಈ ಉಪಾಯ ತಿರುವುಗಳ ಬೆಟ್ಟದಲ್ಲಿ ನಡೆಯುವುದಿಲ್ಲ.

ಕಾದ ಬ್ರೇಕಿಗೆ ನೀರು ಹಾಕಬಹುದೇ?

ಹಾಕಬಾರದು. ಡ್ರಮ್ ಮತ್ತು ಡಿಸ್ಕ್ ಎರಕದ ಕಬ್ಬಿಣದವು. ನೂರಾರು ಡಿಗ್ರಿ ಕಾದ ಎರಕದ ಮೇಲೆ ತಣ್ಣೀರು ಬಿದ್ದರೆ ಹೊರಗಿನ ಪದರ ಕುಗ್ಗುತ್ತದೆ, ಒಳಗಿನದು ಹಿಗ್ಗಿಯೇ ಇರುತ್ತದೆ. ಬಿರುಕು ಬಿಡುವುದು ಅಥವಾ ಡಿಸ್ಕ್ ಸೊಟ್ಟಗಾಗುವುದು ಹೀಗೆ. ಬಿರುಕು ಕಣ್ಣಿಗೆ ಬೀಳದೆ ಮುಂದಿನ ಘಾಟಿಯಲ್ಲಿ ತನ್ನ ಗುಣ ತೋರಿಸಬಹುದು.

ಸುಟ್ಟ ವಾಸನೆ ಬಂದರೆ ಅಥವಾ ಪೆಡಲ್ ಮೆತ್ತಗಾದರೆ ಅಗಲವಾದ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಗಾಡಿಯನ್ನು ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ. ಅರ್ಧ ಗಂಟೆಯಾದರೂ ಗಾಳಿಗೆ ಬಿಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯಿರಿ. ಲಾರಿಯವರು ಬಿಟ್ಟುಹೋದ ಕಲ್ಲು ಕತ್ತಲಲ್ಲಿ ಬರುವ ಬೈಕಿಗೆ ಯಮ.

ಟೈರಿಗೆ ಗಾಳಿ ಹೆಚ್ಚಿಸಬೇಕೇ, ಇಳಿಸಬೇಕೇ? ಎತ್ತರದಲ್ಲಿ ಟೈರ್ ಒಡೆಯುತ್ತದೆಯೇ?

"ಕಲ್ಲು ಚುಚ್ಚದಿರಲಿ" ಎಂದು ಗಾಳಿ ಹೆಚ್ಚು ತುಂಬುವವರಿದ್ದಾರೆ. ಗಟ್ಟಿ ಟೈರು ನೆಲಕ್ಕೆ ತಾಗುವ ಜಾಗ ಕಡಿಮೆ, ಆದ್ದರಿಂದ ಸಡಿಲ ನೆಲದಲ್ಲಿ ಅದು ಪುಟಿಯುತ್ತದೆ, ಜಾರುತ್ತದೆ. ಅನುಭವಿಗಳು ಗಾಳಿಯನ್ನು ಸ್ವಲ್ಪ ಇಳಿಸುತ್ತಾರೆ. ಆದರೆ ತೀರಾ ಇಳಿಸಿದರೆ ಟೈರಿನ ಪಕ್ಕಕ್ಕೆ ಕಲ್ಲು ತಗುಲಿ ಹರಿಯುತ್ತದೆ. ಅದೇ ಕಡಿಮೆ ಗಾಳಿಯಲ್ಲಿ ಹೆದ್ದಾರಿಗೆ ಬಂದರೆ ಟೈರು ಕಾದು ಒಡೆಯಬಹುದು. ಮತ್ತೆ ಗಾಳಿ ತುಂಬುವ ಪಂಪ್ ಜೊತೆಯಲ್ಲಿ ಇಲ್ಲದಿದ್ದರೆ, ಕಾರಿನ ಬಾಗಿಲ ಬಳಿ ಬರೆದಿರುವ ಒತ್ತಡವನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಟೈರ್ ಒಡೆಯುತ್ತದೆ ಎಂಬುದು ನಿಜವಲ್ಲ. ಕೊಡಚಾದ್ರಿಯ ತುದಿಯಲ್ಲಿ ಮೀಟರ್ ಓದು ಸಮುದ್ರಮಟ್ಟಕ್ಕಿಂತ ಹೆಚ್ಚೆಂದರೆ ಎರಡು ಪಿಎಸ್‌ಐ ಏರೀತು. 5,359 ಮೀಟರ್ ಎತ್ತರದ ಲಡಾಖಿನ ಖಾರ್ದುಂಗ್ ಲಾದಲ್ಲೂ ಸುಮಾರು ಏಳು. ಅಲ್ಲಿನ ಚಳಿ ಅದರಲ್ಲಿ ಒಂದಿಷ್ಟನ್ನು ಇಳಿಸಿಬಿಡುತ್ತದೆ.

ಘಾಟಿಯಲ್ಲಿ ವಾಂತಿ ಬರುವುದು ಎತ್ತರದಿಂದಲೇ? ಕರ್ಪೂರ ಮೂಸಿದರೆ ಸರಿಹೋಗುತ್ತದೆಯೇ?

ಎತ್ತರದಿಂದ ಆಗುವ ಅನಾರೋಗ್ಯ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಅಷ್ಟು ಎತ್ತರವೇ ಇಲ್ಲ. ಘಾಟಿಯ ವಾಂತಿಗೆ ಕಾರಣ ತಿರುವು. ಒಳಕಿವಿ "ದೇಹ ತಿರುಗುತ್ತಿದೆ" ಎನ್ನುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು "ಎಲ್ಲವೂ ಸ್ಥಿರವಾಗಿದೆ" ಎನ್ನುತ್ತದೆ. ಈ ಗೊಂದಲವೇ ಹೊಟ್ಟೆ ತೊಳಸುವಂತೆ ಮಾಡುತ್ತದೆ. ರಸ್ತೆ ನೋಡುತ್ತಿರುವ ಚಾಲಕನಿಗೆ ಇದು ಅಪರೂಪ. ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆ ನೋಡುವುದು, ಕಿಟಕಿ ತೆರೆಯುವುದು, ಹೊರಡುವ ಮುನ್ನ ಹೊಟ್ಟೆಬಿರಿ ತಿನ್ನದಿರುವುದು ಸಹಾಯ ಮಾಡುತ್ತದೆ. ವಾಂತಿ ತಡೆಯುವ ಹಲವು ಮಾತ್ರೆಗಳು ನಿದ್ದೆ ತರಿಸುತ್ತವೆ, ಅವನ್ನು ಚಾಲಕರು ತೆಗೆದುಕೊಳ್ಳಬಾರದು.

ಕರ್ಪೂರ ಮೂಸಿದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದರ ಘಾಟು ಮೂಗಿಗೆ ತಂಪೆನಿಸುತ್ತದೆ, ಅಷ್ಟೇ. ಮಕ್ಕಳು ಅದನ್ನು ನುಂಗಿದರೆ ಫಿಟ್ಸ್ ಬರುವಷ್ಟು ವಿಷಕಾರಿ. ಅವರ ಕೈಗೆ ಕೊಡಬೇಡಿ.

ಇಕ್ಕಟ್ಟಿನಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು?

ಎರಡು ವಾಹನ ಸರಾಗವಾಗಿ ದಾಟಲು ಆಗದ ಬೆಟ್ಟದ ರಸ್ತೆಯಲ್ಲಿ ಇಳಿಯುವವರು ಬದಿಗೆ ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಭಾರತದ 1989ರ ರಸ್ತೆ ನಿಯಮಾವಳಿಯಲ್ಲೇ ಈ ಮಾತಿತ್ತು. ಸಡಿಲ ಏರಿನಲ್ಲಿ ಒಮ್ಮೆ ನಿಂತ ಗಾಡಿಯನ್ನು ಮತ್ತೆ ಎತ್ತುವುದು ಕಷ್ಟ, ಗಾಲಿ ಸುತ್ತಿ ಹಿಂದಕ್ಕೆ ಜಾರುವ ಭಯವೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಅಂಚೆ ಬಸ್ಸು ಓಡುವ ಬೆಟ್ಟದ ರಸ್ತೆಗಳಿಗೆ ಪ್ರತ್ಯೇಕ ಫಲಕವೇ ಇದೆ. ಇಕ್ಕಟ್ಟಿನಲ್ಲಿ ಬಸ್ಸಿನ ಚಾಲಕ ಹೇಳಿದಂತೆ ಉಳಿದವರು ಸರಿಯಬೇಕು. ಆ ಬಸ್ಸುಗಳ ಮೂರು ಸ್ವರದ ಹಾರ್ನ್ ಕುರುಡು ತಿರುವಿನಾಚೆಗೆ ಮುಂಚೆಯೇ ಸುದ್ದಿ ಮುಟ್ಟಿಸುತ್ತದೆ.

ದಾರಿ ಬಿಡುವ ಕೆಲಸವನ್ನು ಎಲ್ಲಿ ಮಾಡುತ್ತೇವೆ ಎಂಬುದು ಜೀವದ ಪ್ರಶ್ನೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ, ಸರಕಿನ ಜೊತೆ ಕುಳಿತಿದ್ದ 10 ಮಂದಿ ವ್ಯಾಪಾರಿಗಳು ಸತ್ತರು. ಬೇರೊಂದು ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಸರಿದಾಗ ಹೀಗಾಯಿತು ಎಂದು ಪೊಲೀಸರು ಆಗ ತಿಳಿಸಿದ್ದರು. ಇದು ಡಾಂಬರು ಇದ್ದ ಹೆದ್ದಾರಿ. ಕಚ್ಚಾ ದಾರಿಯ ಅಂಚು ಇನ್ನೂ ಮೋಸದ್ದು: ಮೇಲೆ ಹುಲ್ಲು ಹಸಿರಾಗಿ ಗಟ್ಟಿಯಾಗಿ ಕಾಣುತ್ತದೆ, ಅಡಿಯ ಮಣ್ಣನ್ನು ಮಳೆನೀರು ಕೊರೆದಿರುತ್ತದೆ. ಕಣಿವೆ ನಿಮ್ಮ ಬದಿಗಿದ್ದರೆ ಅಂಚಿಗೆ ಸರಿಯುವುದಕ್ಕಿಂತ, ಅಗಲವಾದ ಜಾಗ ಬರುವವರೆಗೆ ಎದುರಿನವರನ್ನು ಅಥವಾ ನಿಮ್ಮನ್ನೇ ಹಿಂದಕ್ಕೆ ತೆಗೆಯುವುದು ಮೇಲು. ಜೊತೆಗಿರುವವರು ಇಳಿದು ನಿಂತು ದಾರಿ ತೋರಿಸಲಿ.

ಬ್ರೇಕ್ ಕೈಕೊಟ್ಟೇಬಿಟ್ಟರೆ?

ಗೇರ್ ಒಂದೊಂದಾಗಿ ಇಳಿಸಿ. ಎಂಜಿನ್ ಆಫ್ ಮಾಡಬೇಡಿ, ಕ್ಲಚ್ ಒತ್ತಿ ಹಿಡಿಯಬೇಡಿ. ಕಾರು-ಜೀಪಿನಲ್ಲಿ ಪೆಡಲನ್ನು ಬೇಗ ಬೇಗ ಹಲವು ಸಲ ತುಳಿದರೆ ಸ್ವಲ್ಪ ಒತ್ತಡ ಮರಳಬಹುದು. ಏರ್ ಬ್ರೇಕಿನ ಲಾರಿಯಲ್ಲಿ ಹಾಗೆ ಮಾಡಬಾರದು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ ಹಂತಹಂತವಾಗಿ ಎಳೆಯಿರಿ. ಹಾರ್ನ್ ಮತ್ತು ದೀಪ ಹಾಕಿ. ಬೇರೆ ದಾರಿಯೇ ಇಲ್ಲದಿದ್ದರೆ ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಯ ಮಣ್ಣಿನ ದಿಬ್ಬಕ್ಕೋ ಚರಂಡಿಗೋ ಗಾಡಿಯನ್ನು ಓರೆಯಾಗಿ ಉಜ್ಜಿಸಿ ನಿಲ್ಲಿಸಿ. ಗಾಡಿ ಜಖಂ ಆಗುತ್ತದೆ, ಜನ ಉಳಿಯುತ್ತಾರೆ.

ಹೊರಡುವ ಮುನ್ನ

- ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತು, ಪ್ಯಾಡ್ ಎಷ್ಟು ಉಳಿದಿದೆ ನೋಡಿಸಿ.
- ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಪರೀಕ್ಷಿಸಿ.
- ಮಳೆ ಬಂದ ಮರುದಿನ ಮಣ್ಣಿನ ಬೆಟ್ಟದ ದಾರಿಗೆ ಹೋಗಬೇಡಿ. ಜಿಲ್ಲಾಡಳಿತ ಘಾಟಿ ಬಂದ್ ಮಾಡಿದ್ದರೆ ಅಡ್ಡದಾರಿ ಹುಡುಕಬೇಡಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯಲ್ಲಿದ್ದ ವಾಹನಗಳೂ ಮಣ್ಣುಪಾಲಾದವು.
- ಕೊಡಚಾದ್ರಿ, ಮಾಂದಲಪಟ್ಟಿಯಂಥ ಕಡೆ ನೆಲದಿಂದ ಹೆಚ್ಚು ಎತ್ತರವಿಲ್ಲದ ಸ್ವಂತ ಕಾರನ್ನು ಕೆಳಗೇ ಬಿಟ್ಟು ಸ್ಥಳೀಯ ಜೀಪು ಹತ್ತಿ. ಪ್ರತಿದಿನ ಅದೇ ದಾರಿಯಲ್ಲಿ ಓಡಾಡುವ ಚಾಲಕನಿಗೆ ಯಾವ ಕಲ್ಲು ನಿನ್ನೆ ಸರಿದಿದೆ ಎಂಬುದೂ ಗೊತ್ತಿರುತ್ತದೆ.
- ಲಾರಿಯಲ್ಲಿ ಸರಕಿನ ಮೇಲೆ ಜನರನ್ನು ಕೂರಿಸಬೇಡಿ.

ನಮ್ಮ ತೀರ್ಮಾನ

ಕಡಿದಾದ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಇಂಧನ ಉಳಿಯುತ್ತದೆ ಎಂಬ ಮಾತು ಈಗಿನ ವಾಹನಗಳಿಗೆ ತಪ್ಪು. ಫೋರ್ ಬೈ ಫೋರ್ ಇದ್ದರೆ ಬೇಗ ನಿಲ್ಲುತ್ತದೆ, ಕಾದ ಡ್ರಮ್ಮಿಗೆ ನೀರು ಹಾಕಬಹುದು, ಎತ್ತರಕ್ಕೆ ಟೈರ್ ಒಡೆಯುತ್ತದೆ ಎಂಬುವೂ ತಪ್ಪು. ಖಡಿಯಲ್ಲಿ ವೇಗ ಹೆಚ್ಚಿಸಿದರೆ ಕುಲುಕಾಟ ಕಡಿಮೆ ಎಂಬುದು ಅರ್ಧ ಸತ್ಯ, ಬೆಟ್ಟದಲ್ಲಿ ಅಪಾಯಕಾರಿ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತು ಸರಿ. ಮುಂದಿನ ಸಲ ಘಾಟಿಯ ನೆತ್ತಿಯ ಮೇಲೆ ಯಾರಾದರೂ "ನ್ಯೂಟ್ರಲ್ ಹಾಕು" ಎಂದರೆ, ಗೇರ್ ಇಳಿಸಿ, ಕಾರಣವನ್ನು ಕೆಳಗೆ ತಲುಪಿದ ಮೇಲೆ ಹೇಳಿ.